ಒಲೆಗೆ ಬೆನ್ನು ಮಾಡಿ ಕೂತವರು

ಅಯ್ಯನವರ ಎರಡು ಅಂಗೈಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಬ್ಬನೇ ಮನುಷ್ಯನವು ಅನ್ನಿಸುತ್ತಿರಲಿಲ್ಲ. ಎಡಗೈ ಮೆತ್ತಗೆ, ಸಾಲಿ ಮೇಷ್ಟ್ರ ಕೈಯ ಹಾಗೆ ಇತ್ತು. ಬಲಗೈ ಮಾತ್ರ ಬಿಳಿಚಿಕೊಂಡು, ಅಡ್ಡಡ್ಡ ಸೀಳಿ, ಒರಟಾಗಿ ಹೋಗಿತ್ತು. ಮುಂಜಾನೆ ವಿಭೂತಿ ಹಚ್ಚಿಕೊಂಡರೆ ಆ ಸೀಳುಗಳೊಳಗೆ ಕೂತ ವಿಭೂತಿ ಸಂಜೆಯ ತನಕ ಹಾಗೇ ಇರುತ್ತಿತ್ತು. ಮೊದಲ ಸಲ ನೋಡಿದಾಗ ನಾನು ಕೈ ಸುಟ್ಟುಕೊಂಡಿದ್ದಾರೆ ಅಂದುಕೊಂಡು, "ಅಯ್ಯೋ, ಬೆಣ್ಣಿ ಹಚ್ಚಬಾರದೇನ್ರಿ?" ಅಂದುಬಿಟ್ಟಿದ್ದೆ. ಅವರು ಕೈ ತಿರುಗಿಸಿ ತಾವೇ ಒಮ್ಮೆ ನೋಡಿಕೊಂಡು, "ಬೆಂಕಿ ಅಲ್ಲ ತಂಗಿ, ಉಪ್ಪು" ಅಂದರು. ಮೂವತ್ತು ವರ್ಷ ಹರಳುಪ್ಪಿನಲ್ಲಿ ಆಡಿದ ಕೈ ಅದು.

ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಅವರು ಜಂಗಮರು; ಮದುವೆ, ಮನೆಪ್ರವೇಶ, ಮಠದ ದಾಸೋಹಗಳಿಗೆ ಅಡುಗೆ ಮಾಡಿಸುವುದು ಅವರ ಕಸುಬು. ಊರಿಗೆಲ್ಲ ಅವರು ಅಡುಗೆ ಅಯ್ಯನವರು. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಅವರ ಹೆಂಡತಿಯೂ "ಏನ್ರಿ, ಅಯ್ಯನೋರೆ" ಅಂತಲೇ ಕರೆಯುತ್ತಿದ್ದರು, ಸಿಟ್ಟು ಬಂದಾಗ ಇನ್ನೂ ಜೋರಾಗಿ.

ನಾನು ಕುರುಗೋಡಿನ ಮಗಳು, ಬಳ್ಳಾರಿಯ ಸೊಸೆ. ಗಂಡ ಹತ್ತಿ ಮಿಲ್ಲಿನಲ್ಲಿ ಅರಳೆ ಹೊರುತ್ತಿದ್ದರು. ನಾನು ಜೋಳದ ರೊಟ್ಟಿ ಬಡಿಯುವುದರಲ್ಲಿ ಓಣಿಗೇ ಹೆಸರಾದವಳು, ಬಾಯಿಯಲ್ಲೂ ಅಷ್ಟೇ. ಯುದ್ಧ ನಡೆಯುತ್ತಿದ್ದ ಕಾಲ. ಒಂದು ಮದುವೆಗೆ ರೊಟ್ಟಿ ಬಡಿಯುವ ಹೆಂಗಸರು ಸಾಲದೆ ಯಾರೋ ನನ್ನನ್ನು ಕರೆದುಕೊಂಡು ಹೋದರು. ಒಂದು ದಿನಕ್ಕೆ ಅಂತ ಹೋದವಳು ಹತ್ತು ವರ್ಷ ಆ ಗುಂಪು ಬಿಡಲಿಲ್ಲ.

ಹೋದ ಮೊದಲ ದಿನವೇ ನನಗೆ ತಲೆ ಕೆಟ್ಟಿತು. ಅಡುಗೆಯವರ ಹಿರಿಯ ಅಂದರೆ ಸೌಟು ಹಿಡಿದು ಒಲೆಯಿಂದ ಒಲೆಗೆ ಓಡಾಡುತ್ತಾ, ಕೂಗಾಡುತ್ತಾ ಇರಬೇಕಲ್ಲವೇ? ಇವರು ಅಂಗಳದಲ್ಲಿ ಒಂದು ಮಣೆ ಹಾಕಿಕೊಂಡು, ಆರು ಒಲೆಗಳಿಗೂ ಬೆನ್ನು ಮಾಡಿ, ಬೀದಿಯ ಕಡೆ ಮುಖ ಹಾಕಿ ಕೂತಿದ್ದರು. ಬಾಯಲ್ಲಿ ಎಲೆ ಅಡಿಕೆ. ಪಕ್ಕದಲ್ಲಿ ಬೇವಿನ ಮರದಲ್ಲಿ ಕೊರೆದ ಒಂದು ಮರಿಗೆ, ಅದರ ತುಂಬ ಹರಳುಪ್ಪು. ಹೋಗುವವರನ್ನು ಬರುವವರನ್ನು ಮಾತಾಡಿಸುತ್ತಾ, "ಏನ್ರಿ ಗೌಡ್ರ, ಎತ್ತು ತಂದ್ರಂತ?" ಅಂತ ಆರಾಮವಾಗಿದ್ದರು. ಮದುವೆ ಮನೆಯ ಯಜಮಾನರು ಎರಡು ಸಲ ಬಂದು ನೋಡಿ ಹೋದರು. ಮೂರನೇ ಸಲ ತಡೆಯಲಾರದೆ ಕೇಳಿಯೇಬಿಟ್ಟರು.

"ಅಯ್ಯನೋರೆ, ಒಲಿ ಆ ಕಡಿ ಅದಾವಲ್ರಿ. ನೀವು ಈ ಕಡಿ ನೋಡ್ಕಂಡು ಕುಂತೀರಿ?"

"ನಾ ಆ ಕಡಿ ನೋಡಿದ್ರ ಅವರು ನನ್ನ ಕಣ್ಣು ನೋಡ್ತಾರ್ರಿ, ಒಲಿ ನೋಡಂಗಿಲ್ಲ" ಅಂದರು ಅಯ್ಯನವರು. "ನಿಮಗ ಒಲಿ ನೋಡೋರು ಬೇಕಾ, ನನ್ನ ನೋಡೋರು ಬೇಕಾ?"

ಯಜಮಾನರು ಒಳಗೆ ಹೋದರು. ನಾನು ಮನಸ್ಸಿನಲ್ಲೇ, ಈ ಮನುಷ್ಯ ಸೋಮಾರಿ, ಮಾತು ಮಾತ್ರ ಕಲಿತಿದ್ದಾನೆ ಅಂದುಕೊಂಡೆ.

ರೊಟ್ಟಿ ಎಷ್ಟು ಬಡಿಯಬೇಕು ಎಂದು ಕೇಳಲು ಹೋದೆ. ಅವರು ತಿರುಗಲೇ ಇಲ್ಲ. "ಉಣ್ಣೋರು ಎಷ್ಟು ಮಂದಿ ಅಂತ ನಾ ಹೇಳ್ತೀನಿ. ಅದಕ್ಕ ಎಷ್ಟು ರೊಟ್ಟಿ ಅನ್ನೋದು ನಿನಗ ಗೊತ್ತಿರಬೇಕಲ್ಲ, ಬಡಿಯಾಕಿ ನೀನು" ಅಂದರು. ನನಗೆ ಉರಿದುಹೋಯಿತು. ಗೊತ್ತಿದ್ದರೆ ಕೇಳಲು ಬರುತ್ತಿದ್ದೆನೇ? ಸಿಟ್ಟಿನಲ್ಲೇ ಬಡಿದೆ, ಸಿಟ್ಟಿನಲ್ಲೇ ಎಣಿಕೆ ತಪ್ಪಿದೆ. ಮೂರನೇ ಪಂಕ್ತಿಯ ಅರ್ಧಕ್ಕೆ ರೊಟ್ಟಿ ಮುಗಿಯಿತು.  ಅಯ್ಯನವರು ಎದ್ದು ಪಂಕ್ತಿಯ ನಡುವೆ ನಿಂತು ಕೈ ಮುಗಿದು, "ರೊಟ್ಟಿ ಕಡಿಮಿ ಆತ್ರಿ. ತಪ್ಪು ನಮ್ಮದು. ಅನ್ನ ಬಿಸೀದು ಐತಿ, ಸಾರು ಚಲೋ ಐತಿ, ಹೊಟ್ಟಿ ತುಂಬ ಉಣ್ರಿ" ಅಂದರು. ಬಂದು ಮತ್ತೆ ಮಣೆಯ ಮೇಲೆ ಕೂತರು. ನನಗೆ ಒಂದು ಮಾತು ಅನ್ನಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಮನೆಗೆ ಹೋಗಿಬಿಡುತ್ತಿದ್ದೆ. ಬೈಯಲಿಲ್ಲವಾದ್ದರಿಂದ ಮರುದಿನ ಮತ್ತೆ ಹೋಗಬೇಕಾಯಿತು. ಆಮೇಲೆ ನನ್ನ ಜನ್ಮದಲ್ಲಿ ರೊಟ್ಟಿ ಕಡಿಮೆ ಬಿದ್ದಿಲ್ಲ.

ನಮ್ಮ ಗುಂಪಿನಲ್ಲಿ ಎಲ್ಲರಿಗೂ ಹೀಗೆ ಒಂದೊಂದು ಜಾಗ. ಸಾರು, ಬೇಳೆ ಬಸಣ್ಣನದು. ವಯಸ್ಸಿನಲ್ಲಿ ನನಗಿಂತ ಹಿರಿಯ, ಮೂಗಿನ ತುದಿಯಲ್ಲೇ ಸಿಟ್ಟು. ಪಲ್ಯ ಮತ್ತು ಬೆಂಕಿ ತಿಮ್ಮಪ್ಪನದು. ಸಿರುಗುಪ್ಪದ ಹೊಳೆದಂಡೆಯವನು, ಮಾತಿಗೊಂದು ತೆಲುಗು ಬೆರೆಸುತ್ತಿದ್ದ. ರೊಟ್ಟಿ ಮತ್ತು ಬೆಲ್ಲದ ಗೋಧಿ ಹುಗ್ಗಿ ನನ್ನವು. ಅವರವರ ಒಲೆಗೆ ಅವರೇ ಯಜಮಾನರು. ಬದನೆಕಾಯಿ ಚಲೋ ಇಲ್ಲದಿದ್ದರೆ ಬೇಡ ಅನ್ನುವ ಅಧಿಕಾರವೂ ತಿಮ್ಮಪ್ಪನದೇ. ಒಮ್ಮೆ ಮದುವೆ ಮನೆಯವರು ಅವನ ಮೇಲೆ ದೂರು ಹೇಳಲು ಬಂದಾಗ ಅಯ್ಯನವರು, "ಪಲ್ಯದ ಮಾತು ತಿಮ್ಮಪ್ಪಗ ಹೇಳ್ರಿ. ನನಗ ಹೇಳಿದ್ರ ನಾ ಹೋಗಿ ಅವಗ ಹೇಳಬೇಕು, ನಡುವ ನನಗ್ಯಾಕ ದಣಿವು?" ಅಂದಿದ್ದರು.

ಎಲ್ಲವನ್ನೂ ಬಿಟ್ಟುಕೊಟ್ಟಿದ್ದ ಅವರು ಬಿಟ್ಟುಕೊಡದಿದ್ದದ್ದು ಒಂದೇ ಒಂದು. ಅದು ಉಪ್ಪು.

ಅದಕ್ಕೊಂದು ಕಾರಣವಿತ್ತು. ದೇವರಿಗೆ ಎಡೆ ಹಿಡಿದು ಜಂಗಮರಿಗೆ ಬಡಿಸುವ ತನಕ ಅಡುಗೆಯನ್ನು ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಎಂಜಲಾಗುತ್ತದೆ. ರುಚಿ ನೋಡದೆ ಐದು ನೂರು ಜನರ ಸಾರಿಗೆ ಉಪ್ಪು ಹಾಕುವುದು ಅಂದರೆ ಆಟವಲ್ಲ. ಅಡುಗೆ ಇಳಿಸುವ ಹೊತ್ತಿಗೆ ಅಯ್ಯನವರು ಮಣೆಯಿಂದ ಎದ್ದು, ಮರಿಗೆಯನ್ನು ಎಡಗಂಕುಳಲ್ಲಿ ಇಟ್ಟುಕೊಂಡು ಒಲೆಯಿಂದ ಒಲೆಗೆ ಬರುತ್ತಿದ್ದರು. ಹಂಡೆಯ ಮೇಲೆ ಅಂಗೈ ಹಿಡಿದು ಹಬೆ ನೋಡುವರು. ಕುದಿಯುವ ಸದ್ದು ಕೇಳುವರು. ಮುಷ್ಟಿ ತುಂಬಿ ಹಾಕುವರು. ಒಮ್ಮೊಮ್ಮೆ ಹಾಕಿ, ಸ್ವಲ್ಪ ನಿಂತು, ಇನ್ನೆರಡು ಹರಳು. ಒಂದು ಸಲವೂ ತಪ್ಪಿದ್ದಿಲ್ಲ. ನಾವು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ನಮಗೆ ಅದು ನೋಡುವ ಕೆಲಸವಾಗಿತ್ತು, ನಾವೂ ಮಾಡಬಹುದಾದ ಕೆಲಸ ಅಂತ ಒಬ್ಬರಿಗೂ ಹೊಳೆದಿರಲಿಲ್ಲ.

ನಾನೊಮ್ಮೆ ಚುಚ್ಚಿದ್ದೆ. "ಎಲ್ಲಾ ನಮಗ ಬಿಡ್ತೀರಿ, ಉಪ್ಪು ಮಾತ್ರ ಕಂಕುಳಾಗ ಇಟ್ಕಂತೀರಿ. ನಮ್ಮ ಮ್ಯಾಲ ಅಷ್ಟು ಅನುಮಾನೇನ್ರಿ?"

ಅವರು ನಕ್ಕರು. "ಅನುಮಾನ ಅಲ್ಲ ತಂಗಿ, ಇದು ಪದ್ಧತಿ."

ಅವರು ಅಷ್ಟು ಚುಟುಕಾಗಿ ಮಾತು ಮುಗಿಸಿದರೆ ಉತ್ತರ ಅವರ ಹತ್ತಿರವೂ ಇಲ್ಲ ಅಂತ ಅರ್ಥ. ನನಗೆ ಅದು ಗೊತ್ತಾಗಲು ವರ್ಷಗಳೇ ಬೇಕಾದವು.

ಸ್ವಾತಂತ್ರ್ಯ ಬಂದ ಮರುವರ್ಷ ಇರಬೇಕು. ಸಿರುಗುಪ್ಪದ ಭತ್ತದ ವ್ಯಾಪಾರಿಯೊಬ್ಬರ ಮನೆಯ ಮದುವೆಗೆ ಅಯ್ಯನವರು ಮಾತು ಕೊಟ್ಟಿದ್ದರು. ಕುರುಗೋಡಿನಲ್ಲಿ ಇನ್ನೊಂದು ಮದುವೆ ಎಂಟು ದಿನ ಮೊದಲೇ ಆಗಬೇಕಿತ್ತು. ಹುಡುಗನ ಕಡೆ ಯಾರೋ ಹಿರಿಯರು ತೀರಿಕೊಂಡು, ಅದು ಮುಂದಕ್ಕೆ ಹೋಗಿ, ಸರಿಯಾಗಿ ಸಿರುಗುಪ್ಪದ ದಿನಕ್ಕೇ ಬಂದು ಕೂತಿತು. ಒಂದೇ ದಿನ, ಒಂದೇ ಮುಹೂರ್ತ, ಎರಡು ಊರು. ಇಬ್ಬರಿಗೂ ಇಲ್ಲ ಅನ್ನುವಂತಿಲ್ಲ. ನಾವೆಲ್ಲ ಅವರ ಮನೆಯ ಕಟ್ಟೆಯ ಮೇಲೆ ಕೂತಿದ್ದೆವು. ಅಯ್ಯನವರು ಬಹಳ ಹೊತ್ತು ಅಡಿಕೆ ಕತ್ತರಿಸಿದರು. ಆಮೇಲೆ ನನ್ನ ಕಡೆ ಕತ್ತರಿ ತೋರಿಸಿ, "ಕುರುಗೋಡು ನಿಂದು" ಅಂದರು.

ಬಸಣ್ಣನ ಮುಖ ಕಪ್ಪಾಯಿತು. ನನ್ನ ಮುಖ ಹೇಗಾಯಿತೋ ನನಗೆ ಕಾಣಲಿಲ್ಲ. "ನಾನಾ? ನಮ್ಮ ಊರಾಗ? ಹೆಣ್ಮಗಳು ಮುಂದ ನಿಂತು ಅಡಿಗಿ ನಡಸ್ತಾಳ ಅಂದ್ರ ಮಂದಿ ಏನಂದಾರು? ಕೆಟ್ಟರ ನಾ ಮತ್ತ ತವರಿಗೆ ಹ್ಯಾಂಗ ಹೋಗ್ಲಿ?"

"ಕೆಟ್ಟರ ನನ್ನ ಹೆಸರು ಕೆಡ್ತೈತಿ, ನಿಂದಲ್ಲ. ಯಾರೂ ನಿನ್ನ ಹೆಸರು ಹೇಳಂಗಿಲ್ಲ, ಅಡಿಗಿ ಅಯ್ಯನೋರು ಕೆಡಿಸಿದ್ರು ಅಂತಾರ. ಆರಾಮಾಗಿ ಹೋಗಿ ಬಾ."

ಇದು ಸಮಾಧಾನವೋ ಬೆದರಿಕೆಯೋ ಇವತ್ತಿಗೂ ನನಗೆ ತಿಳಿದಿಲ್ಲ. ಮೂವತ್ತು ವರ್ಷ ಕೂಡಿಸಿದ ಹೆಸರನ್ನು ರೊಟ್ಟಿ ಬಡಿಯುವವಳ ಸೆರಗಿಗೆ ಕಟ್ಟಿ ಕಳಿಸಿದ ಹಾಗಾಯಿತು. ಇನ್ನೊಂದು ಮಾತು ಹೇಳಲೇಬೇಕು. ಬಸಣ್ಣ, ತಿಮ್ಮಪ್ಪ, ಒಳ್ಳೆಯ ಕೈಗಳನ್ನೆಲ್ಲ ಅವರು ನನಗೆ ಕೊಟ್ಟರು. ಆ ವರ್ಷ ಬಂದ ಹೊಸಬರನ್ನು, ಸೌಟು ಹಿಡಿಯಲು ಬಾರದವರನ್ನು ತಾವು ಕಟ್ಟಿಕೊಂಡು ಸಿರುಗುಪ್ಪಕ್ಕೆ ಹೋದರು.

ನಮ್ಮ ಎತ್ತಿನಗಾಡಿ ಹೊರಡುವಾಗ ಅಯ್ಯನವರು ಗಾಲಿಯ ಪಕ್ಕ ನಿಂತಿದ್ದರು. ಏನೋ ಹೇಳಲು ಬಾಯಿ ತೆರೆದರು, ಮುಚ್ಚಿದರು. ಮತ್ತೆ ತೆರೆದರು, ಮುಚ್ಚಿದರು. ಮೂರನೇ ಸಲಕ್ಕೆ ನಾನೇ, "ಏನ್ರಿ, ಹೇಳ್ರಲ್ಲ" ಅಂದೆ. "ಏನಿಲ್ಲ, ಬಿಸಲು ಐತಿ, ತಲಿ ಮ್ಯಾಲ ಸೆರಗು ಹಾಕ್ಕೋ" ಅಂದರು. ಅವರ ಕಂಕುಳಲ್ಲಿ ಬೇವಿನ ಮರಿಗೆ ಇತ್ತು. ಅದು ಅಲ್ಲಿ ಇರುವುದೇ ಸರಿ ಅಂತ ಅವರಿಗೂ ಅನ್ನಿಸಿತ್ತು, ನಮಗೂ ಅನ್ನಿಸಿತ್ತು.

ಕುರುಗೋಡಿನಲ್ಲಿ ಮದುವೆ ಮನೆಯ ಹಿರಿಯರು ಗಾಡಿಯೊಳಗೆ ಬಗ್ಗಿ ಬಗ್ಗಿ ನೋಡಿದರು, ಅಯ್ಯನವರು ಹಂಡೆಯ ಹಿಂದೆ ಅಡಗಿಕೊಂಡಿದ್ದಾರೇನೋ ಅನ್ನುವಂತೆ.

"ಅಯ್ಯನೋರು ಎಲ್ಲಿ?"

"ಸಿರುಗುಪ್ಪದಾಗ ಅದಾರ್ರಿ. ಇಲ್ಲಿ ನಾ ಅದೀನಿ."

"ನೀನಾ? ನೀ ನಮ್ಮ ಬಣಗಾರ ಓಣಿ ಹುಡುಗಿ ಅಲ್ಲೇನು? ನಿನಗ ಏನು ಬರ್ತೈತಿ ಬೇ?"

"ಸಣ್ಣಾಕಿದ್ದಾಗ ನಿಮ್ಮ ಹಿತ್ತಲ ಪ್ಯಾರಲಕಾಯಿ ಕದಿಯಾಕ ಬರ್ತಿತ್ರಿ. ಈಗ ಅಡಿಗಿ ಬರ್ತೈತಿ" ಅಂದೆ. ಅವರಿಗೆ ನಗು ಬಂತು, ಹೋದರು. 

ಮರುದಿನ ಬೆಳಿಗ್ಗೆ ಒಲೆಗಳು ಹತ್ತಿದವು. ನಾನು ಹುಗ್ಗಿ, ರೊಟ್ಟಿಯನ್ನು ನನ್ನ ಕೈಕೆಳಗಿನ ಹೆಂಗಸರಿಗೆ ಒಪ್ಪಿಸಿ, ಮಣೆ ಹಾಕಿಕೊಂಡು, ಅಯ್ಯನವರ ಹಾಗೆಯೇ ಒಲೆಗಳಿಗೆ ಬೆನ್ನು ಮಾಡಿ ಕೂತೆ. ಕೂರುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು ನೋಡಿ! ಬೆನ್ನ ಹಿಂದೆ ಏನೋ ಸೀದ ವಾಸನೆ ಬಂದ ಹಾಗೆ. ಏನೋ ಉಕ್ಕಿದ ಹಾಗೆ. ಎರಡು ನಿಮಿಷಕ್ಕೊಮ್ಮೆ ತಿರುಗುತ್ತಿದ್ದೆ. ಹತ್ತನೇ ಸಲ ತಿರುಗಿದಾಗ ತಿಮ್ಮಪ್ಪ, "ಅಬ್ಬಬ್ಬಾ! ಅಕ್ಕಾ, ಆ ಕಡಿ ತಿರುಗಮ್ಮಾ ನಿನಗ ದಂಡಂ! ನೀ ನೋಡಿದ್ರ ನನ್ನ ಕಟ್ಟಿಗಿನೂ ಹೆದರಿ ಹೊಗಿ ಬಿಡ್ತಾವ" ಅಂದ. ಇದನ್ನೆಲ್ಲ ನೋಡುತ್ತಿದ್ದ ಬಸಣ್ಣ ಬೆಳಗಿನಿಂದ ಮೊದಲ ಸಲ ತುಟಿ ಅರಳಿಸಿದ. ಮೂವತ್ತು ವರ್ಷ ಸೋಮಾರಿಯಾಗಿ ಕೂತ ಮನುಷ್ಯನ ಬೆನ್ನಿಗೆ ನಾನು ಅವತ್ತು ಮನಸ್ಸಿನಲ್ಲೇ ಕೈ ಮುಗಿದೆ.

ಅಡುಗೆ ಇಳಿಯಿತು. ಹುಗ್ಗಿ ಘಮಘಮ ಅನ್ನುತ್ತಿತ್ತು. ಎಣ್ಣೆ ತೇಲುವ ಬದನೆಕಾಯಿ, ಕಾಳು ಪಲ್ಯ, ಸಾರು, ಹಂಚಿನಿಂದ ಆಗಷ್ಟೇ ತೆಗೆದ ರೊಟ್ಟಿ. ಎಡೆ ಹಿಡಿದರು. ಮೊದಲ ಪಂಕ್ತಿಯಲ್ಲಿ ಜಂಗಮರು, ಊರಿನ ಹಿರಿಯರು ಕೂತರು. ನಾನು ಕದದ ಮರೆಯಲ್ಲಿ ನಿಂತೆ.

ಮೊದಲು ಒಬ್ಬ ಮುದಿ ಸ್ವಾಮಿಗಳು ಎಲೆಯ ತುದಿಯ ಉಪ್ಪಿಗೆ ಕೈ ಹಾಕಿದರು. ಕಲಸಿಕೊಂಡರು, ಒಂದು ತುತ್ತು ಉಂಡರು, ಮತ್ತೆ ಹಾಕಿದರು. ಎಲೆಯ ಮೇಲಿನ ಉಪ್ಪು ಖಾಲಿಯಾಯಿತು. "ಒಂದೀಟು ಉಪ್ಪು ತರ್ರಿ" ಅಂದರು. ವಯಸ್ಸಾದವರು, ನಾಲಿಗೆ ಜಡವಾಗಿರಬೇಕು ಅಂದುಕೊಂಡೆ. ಪಕ್ಕದವರು, "ನನಗೂ ಇತ್ತ ಉಪ್ಪು" ಅಂದರು. ಆ ತುದಿಯಿಂದ ಯಾರೋ, "ಉಪ್ಪು!" ಈ ತುದಿಯಿಂದ, "ಯಪ್ಪಾ, ಉಪ್ಪು ತರ್ರಿ ಮೊದಲ!" ಬಡಿಸುವವರು ಹುಗ್ಗಿ, ಸಾರು ಬಿಟ್ಟು ಉಪ್ಪಿನ ಬಟ್ಟಲು ಹಿಡಿದು ಓಡಾಡತೊಡಗಿದರು.

ನಾನು ಒಳಗೆ ಓಡಿದೆ. "ಬಸಣ್ಣಾ, ಸಾರಿಗೆ ಉಪ್ಪು ಹಾಕಿಲ್ಲೇನು?"

ಅವನು ಕಣ್ಣು ಬಿಟ್ಟ. "ಉಪ್ಪು ನಾ ಯಾಕ ಹಾಕ್ಲಿ? ಅದು ಅಯ್ಯನೋರ ಕೆಲಸ."

"ತಿಮ್ಮಪ್ಪಾ?"

"ಅಯ್ಯೋ ದೇವುಡಾ" ಅಂತ ತಿಮ್ಮಪ್ಪ ಕಟ್ಟಿಗೆಯ ಮೇಲೆ ಕೂತುಬಿಟ್ಟ. "ನಾ ನಿನ್ನ ದಾರಿ ನೋಡ್ತಿದ್ನಕ್ಕಾ. ಈಗ ಬರ್ತಾಳ, ಆಗ ಬರ್ತಾಳ ಅಂತ."

ನಾನೋ, ಒಲೆಗೆ ಬೆನ್ನು ಮಾಡಿ ಕೂರುವುದನ್ನು ಚಾಚೂ ತಪ್ಪದೆ ಕಲಿತಿದ್ದೆ. ಎದ್ದು ಹೋಗಿ ಉಪ್ಪು ಹಾಕುವುದನ್ನು ಕಲಿತಿರಲಿಲ್ಲ. ಉಗ್ರಾಣದಲ್ಲಿ ಅಡುಗೆಗೆಂದು ತರಿಸಿದ ಒಂದು ಮೂಟೆ ಉಪ್ಪು ಬಾಯಿ ಹೊಲಿದ ಹಾಗೇ ನಿಂತಿತ್ತು; ಎಲೆಗೆ ಬಡಿಸಿದ್ದು ಮನೆಯವರ ಅಡುಗೆಮನೆಯ ಉಪ್ಪು. ಮೂವರು ಅನುಭವಸ್ಥರು, ಆರು ಒಲೆ, ಐದು ನೂರು ಜನರ ಊಟ, ಒಂದು ಹರಳು ಉಪ್ಪಿಲ್ಲ! ಈಗ ನೆನೆಸಿದರೆ ಹೊಟ್ಟೆ ಹಿಡಿದು ನಗುತ್ತೇನೆ. ಅವತ್ತು ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಹುಟ್ಟಿದ ಊರು, ಅಯ್ಯನವರ ಹೆಸರು, ಎರಡೂ ನನ್ನ ಕಣ್ಣೆದುರೇ ಮಣ್ಣು ಪಾಲಾಗುತ್ತಿದ್ದವು.

ಮೊದಲು ಮಾಡಿದ ಕೆಲಸ, ಮೂಟೆಯ ಬಾಯಿ ಹರಿದು ಎರಡೂ ಕೈ ತುಂಬ ಉಪ್ಪು ತೆಗೆದುಕೊಂಡು ಸಾರಿನ ಹಂಡೆಯ ಕಡೆ ಓಡಿದೆ.  ಹಂಡೆಯ ಮೇಲೆ ನಿಂತಾಗ ಗೊತ್ತಾಯಿತು, ಈ ಸಾರಿನ ಬಗ್ಗೆ ನನಗೆ ಏನೇನೂ ಗೊತ್ತಿಲ್ಲ. ಬೇಳೆ ಎಷ್ಟು, ಹುಣಸೆಹುಳಿ ಎಷ್ಟು, ನೀರು ಎಷ್ಟು ಸಲ ಹಾಕಿದ್ದು, ಎಲ್ಲ ಬಸಣ್ಣನಿಗೆ ಗೊತ್ತು. ಅವನು ಬೆಳಗಿನಿಂದ ಅದರ ಪಕ್ಕದಲ್ಲೇ ನಿಂತವನು. ನಾನು ಕೈಯಲ್ಲಿದ್ದದ್ದನ್ನೆಲ್ಲ ಅವನ ಬೊಗಸೆಗೆ ಸುರಿದೆ.

"ಸಾರು ನಿಂದು. ಉಪ್ಪೂ ನಿಂದು. ಹಾಕಣ್ಣ."

"ನಾನಾ? ತಪ್ಪಿದ್ರ?"

"ತಪ್ಪಿದ್ರ ನನ್ನ ಬೈತಾರ, ನಿನ್ನಲ್ಲ. ಎಡಿ ಹಿಡಿದಾಗೇತಿ, ನಾಲಿಗಿಗೆ ಮುಟ್ಟಿಸಿ ನೋಡಿ ಹಾಕು. ತಿಮ್ಮಪ್ಪಾ, ನೀ ಎದ್ದೇಳು! ಉಪ್ಪುನೀರು ಕಾಸಿ ಪಲ್ಯಕ್ಕ ಚಿಮುಕಿಸು. ಎಷ್ಟು ಅಂತ ನನ್ನ ಕೇಳಬ್ಯಾಡ."

ಆಮೇಲೆ ತಲೆಯ ಮೇಲೆ ಸೆರಗು ಎಳೆದುಕೊಂಡು ಪಂಕ್ತಿಯ ನಡುವೆ ಹೋಗಿ ನಿಂತೆ. ಗಂಡಸರ ಪಂಕ್ತಿ, ನನ್ನನ್ನು ಎತ್ತಿ ಆಡಿಸಿದವರೂ ಇದ್ದರು. ಕೈ ಮುಗಿದೆ. "ಅಡಿಗಿಗೆ ಉಪ್ಪು ಹಾಕದು ಮರತೀವ್ರಿ. ತಪ್ಪು ನಂದು. ಈ ಪಂಕ್ತಿ ದೊಡ್ಡ ಮನಸ್ಸು ಮಾಡ್ರಿ, ಮುಂದಿನ ಪಂಕ್ತಿಗೆ ಹಿಂಗ ಆಗಂಗಿಲ್ಲ."

 ಆ ಮುದಿ ಸ್ವಾಮಿಗಳು ಎಲೆಯಿಂದ ತಲೆ ಎತ್ತಿ, "ಹುಗ್ಗಿಗೆ ಉಪ್ಪು ಬೇಕಿಲ್ಲಲ್ಲಬೇ? ಅದು ಚಲೋ ಐತಿ, ಇನ್ನೆರಡು ಸೌಟು ಹಾಕ್ಸು" ಅಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಎರಡನೇ ಪಂಕ್ತಿ ಕೂತಾಗ ನಾನು ಕದದ ಮರೆಯಲ್ಲಿ ನಿಲ್ಲಲಾರದೆ ಹಿತ್ತಲಿಗೆ ಹೋದೆ. ಬಹಳ ಹೊತ್ತಿನ ಮೇಲೆ ಬಸಣ್ಣ ಬಂದ. ಮುಖ ಊದಿಸಿಕೊಂಡೇ ಹೇಳಿದ, "ಸಾರು ಇನ್ನೊಂದು ಸಲ ಕೇಳಾಕ ಹತ್ಯಾರ." ಹೇಳಿ ಅಲ್ಲೇ ನಿಂತು ಅತ್ತುಬಿಟ್ಟ, ಹಿರಿಯ ಮನುಷ್ಯ.

ಮರುದಿನ ಮುಂಜಾನೆ ತಮ್ಮನನ್ನು ನೋಡಲು ಹೋದೆ. ಊರ ಹೆಬ್ಬಾಗಿಲಾದ ಅಗಸಿಯ ಬಾಯಲ್ಲಿ ಅವನದೊಂದು ಎಲೆ ಅಡಿಕೆ ಅಂಗಡಿ. "ಅಕ್ಕಾ, ನಿಮ್ಮ ಅಯ್ಯನೋರು ನಿನ್ನೆ ಇಲ್ಲಿ ತನಕ ಬಂದು ಉಣ್ಣದ ಹೋದ್ರಲ್ಲ, ಯಾಕ?" ಅಂದ.

ನನಗೆ ಅರ್ಥವಾಗಲಿಲ್ಲ. ಅವನು ಹೇಳಿದ್ದು ಇಷ್ಟು. ಮಧ್ಯಾಹ್ನ ಸುಡುವ ಬಿಸಿಲಿನಲ್ಲಿ ಅಯ್ಯನವರು ಬೆವರು ಸುರಿಸುತ್ತಾ ಸಿರುಗುಪ್ಪದ ದಾರಿಯಿಂದ ನಡೆದು ಬಂದರು. ಭತ್ತದ ಲಾರಿಯೊಂದು ಅವರನ್ನು ಹಾದಿ ಒಡೆಯುವಲ್ಲಿ ಇಳಿಸಿ ಹೋಗಿತ್ತಂತೆ. ಅಂಗಡಿಯ ಕಟ್ಟೆಯ ಮೇಲೆ ಕೂತು ನೀರು ಕುಡಿದರು. ಅಷ್ಟರಲ್ಲಿ ಮೊದಲ ಪಂಕ್ತಿ ಉಂಡವರು ನಗುತ್ತಾ ಬಂದರು. "ಊಟ ಹ್ಯಾಂಗಿತ್ರಿ?" ಅಂತ ಅಯ್ಯನವರು ಕೇಳಿದರು. ಉಪ್ಪಿನ ಕಥೆ, ನಾನು ಪಂಕ್ತಿಯ ನಡುವೆ ಬಂದು ಹೇಳಿದ ಮಾತು, ಎಲ್ಲ ಕೇಳಿಸಿಕೊಂಡರು. ಎದ್ದು ಅಗಸಿಯೊಳಗೆ ನಾಲ್ಕು ಹೆಜ್ಜೆ ಹೋದರು. ನಿಂತರು. ತಿರುಗಿ ಬಂದು ಮತ್ತೆ ಕಟ್ಟೆಯ ಮೇಲೆ ಕೂತರು, ಊರಿಗೆ ಬೆನ್ನು ಮಾಡಿ. ಎರಡನೇ ಪಂಕ್ತಿಯವರು ಬರುವ ತನಕ ಕಾದು, ಅವರನ್ನೂ ಕೇಳಿದರು. "ಏನ್ ಸಾರು ಮಾಡ್ಯಾರ್ರಿ! ಉಪ್ಪು ಹುಳಿ ಖಾರ ಎಲ್ಲಾ ಹದ" ಅಂದರಂತೆ ಅವರು. ಅಯ್ಯನವರು ನಾಲ್ಕು ಎಲೆ ಕಟ್ಟಿಸಿಕೊಂಡು, ಬಂದ ದಾರಿಯಲ್ಲೇ ಹೋದರು.

ಬಳ್ಳಾರಿಗೆ ಬಂದವಳೇ ನೇರ ಬ್ರೂಸ್‌ಪೇಟೆಗೆ ಹೋದೆ. ಮೈಯೆಲ್ಲ ಸಿಟ್ಟು, ಸಿಟ್ಟಿನೊಳಗೆ ನಾಚಿಕೆ. ಅಯ್ಯನವರು ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತಿದ್ದರು.

"ಅಗಸಿ ತನಕ ಬಂದು ಒಳಗ ಯಾಕ ಬರಲಿಲ್ಲ? ನಾವಲ್ಲಿ ಸಾಯಾಕ ಹತ್ತಿದ್ವಿ!"

"ಸಿರುಗುಪ್ಪದಾಗ ಮರಿಗಿಗೆ ಕೈ ಹಾಕಿದಾಗ ನೆನಪಾತು ನನಗ, ಕುರುಗೋಡಿನಾಗ ಉಪ್ಪು ಹಾಕೋರು ಯಾರು ಅಂತ. ಎದಿ ಝಲ್ ಅಂತು. ಇದ್ದ ಹಂಡೆಗೆಲ್ಲ ಉಪ್ಪು ಹಾಕಿ, ಬಡಿಸೋದು ಆ ಹೊಸಬರಿಗೇ ಬಿಟ್ಟು ಓಡಿ ಬಂದೆ." ಕತ್ತರಿ ಕೆಳಗಿಟ್ಟರು. "ಒಳಗ ಬಂದಿದ್ರ ಎಲ್ಲರೂ ನನ್ನ ಕೈಗೆ ಸೌಟು ಕೊಡ್ತಿದ್ರಿ. ನೀನೂ ಕೊಡ್ತಿದ್ದಿ. ಪಂಕ್ತಿ ನಡುವ ನಿಂತು ಮಾತಾಡಿ ಬಂದಾಕಿ ಕೈಯಾಗಿನ ಸೌಟು ನಾ ಹ್ಯಾಂಗ ಕಸಗೊಳ್ಳಲಿ?"

ನಾನು ಕಟ್ಟೆಯ ತುದಿಯಲ್ಲಿ ಕೂತೆ.

"ತಪ್ಪು ನಂದು ತಂಗಿ" ಅಂದರು. "ಎಲ್ಲಾ ಬಿಟ್ಟುಕೊಟ್ಟೀನಿ ಅಂತ ಮೆರೀತಿದ್ದೆ. ನೀ ಕೇಳಿದಾಗ ಪದ್ಧತಿ ಅಂದೆ. ಪದ್ಧತಿ ಅಲ್ಲ, ಹೆದರಿಕಿ ಅದು. ಉಪ್ಪೂ ನಿಮ್ಮ ಕೈಗೆ ಬಂದ್ರ ನನ್ನ ಯಾರು ಕರೀತಾರ ಅಂತ."

ಇಷ್ಟು ದೊಡ್ಡ ಮನುಷ್ಯ ಕಟ್ಟೆಯ ಮೇಲೆ ಕೂತು ಹೀಗಂದಾಗ ನಾನು ಅವರ ಮುಂದೆ ಕೈ ಚಾಚಿದೆ. "ಬಾಯಿ ಒಣಗೈತಿ, ಒಂದು ಎಲಿ ಕೊಡ್ರಿ" ಅಂದೆ. ಕೊಟ್ಟರು. ಇಬ್ಬರೂ ಜಗಿಯುತ್ತಾ ಕೂತೆವು.

ಮುಂದಿನ ಮದುವೆಗೆ ಹೋದಾಗ ಬೇವಿನ ಮರಿಗೆ ಇರಲಿಲ್ಲ. ಒಂದೊಂದು ಒಲೆಯ ಪಕ್ಕಕ್ಕೂ ಒಂದೊಂದು ಮಣ್ಣಿನ ಕುಡಿಕೆ ಬಂದಿತ್ತು, ತುಂಬ ಉಪ್ಪು. ನಾವು ಚಲೋ ಹಾಕಿದೆವು ಅಂದುಕೊಳ್ಳಬೇಡಿ. ನಾಲಿಗೆಗೆ ಮುಟ್ಟಿಸುವಂತಿಲ್ಲವಲ್ಲ! ಬಸಣ್ಣನ ಸಾರು ಒಮ್ಮೆ ಸಮುದ್ರವಾಯಿತು. ತಿಮ್ಮಪ್ಪ ಮರೆತೆನೇನೋ ಅಂತ ಎರಡೆರಡು ಸಲ ಹಾಕಿದ. ಅಯ್ಯನವರು ಬೀದಿಯ ಕಡೆ ಮುಖ ಮಾಡಿ ಕೂತೇ ಇರುತ್ತಿದ್ದರು. ಹಿಂದಿನಿಂದ ನೋಡಿದರೆ ಕಿವಿಗಳೆರಡೂ ಕೆಂಪಾಗಿರುತ್ತಿದ್ದವು, ಕೈಗಳು ತೊಡೆಯ ಕೆಳಗೆ ಸಿಕ್ಕಿಸಿಕೊಂಡಿರುತ್ತಿದ್ದವು. ಪಂಕ್ತಿಯಲ್ಲಿ ಯಾರಾದರೂ ಮುಖ ಸಿಂಡರಿಸಿದರೆ ಎದ್ದು ಹೋಗಿ ಕೈ ಮುಗಿದು ಬರುತ್ತಿದ್ದರು. ಆ ವರ್ಷ ಅವರು ಕೈ ಮುಗಿದಷ್ಟು ಯಾವ ದೇವರಿಗೂ ಮುಗಿದಿರಲಿಕ್ಕಿಲ್ಲ. "ಯಾವಾಗ ಕಲೀತೀವ್ರಿ ನಾವು?" ಅಂತ ನಾನೇ ಬೇಸತ್ತು ಕೇಳಿದರೆ, "ನಾನೂ ಮೊದಲ ವರ್ಷ ಮೂರು ಮದುವಿ ಕೆಡಿಸೀನಿ. ನಿಮಗ ಹೇಳಿರಲಿಲ್ಲ" ಅಂದು ನಕ್ಕರು. ವರ್ಷ ಕಳೆಯುವುದರೊಳಗೆ ನಮ್ಮ ಕೈಗೆ ಹದ ಬಂತು. ಹಬೆಯ ಮೇಲೆ ಅಂಗೈ ಹಿಡಿದರೆ ಅಂಗೈಗೇ ತಿಳಿಯತೊಡಗಿತು.

ಆಮೇಲೆ ಎರಡು ಮದುವೆ ಒಂದೇ ದಿನ ಬಂದರೆ ಯಾರೂ ಹೆದರಲಿಲ್ಲ. ಮೂರು ಬಂದರೂ ಹೆದರಲಿಲ್ಲ. ಬಸಣ್ಣ ಒಂದು ಕಡೆ, ತಿಮ್ಮಪ್ಪ ಒಂದು ಕಡೆ, ನಾನೊಂದು ಕಡೆ. ಅಯ್ಯನವರು ಮಾತ್ರ ಮನೆಯ ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತಾ, ಬಂದವರಿಗೆಲ್ಲ, "ನಮ್ಮ ಹುಡುಗಿ ಹೋಗ್ಯಾಳ ಬಿಡ್ರಿ" ಅನ್ನುವರು. ಯಾರೂ ಅವರನ್ನು ಮರೆಯಲಿಲ್ಲ. ಹೆದರಿದ್ದೆಲ್ಲ ಸುಳ್ಳಾಯಿತು.

ಬಳ್ಳಾರಿ ಮೈಸೂರು ಸೀಮೆಗೆ ಸೇರಿದ ವರ್ಷ ಅವರು ತೀರಿಕೊಂಡರು. ಹೆಚ್ಚು ನರಳಲಿಲ್ಲ. ನಾನು ಹೋದಾಗ ಬಲಗೈ ಎದೆಯ ಮೇಲಿತ್ತು. ಹಿಡಿದುಕೊಂಡೆ. ಸೀಳುಗಳೆಲ್ಲ ಕೂಡಿಕೊಂಡು ಎಷ್ಟೋ ದಿನವಾಗಿತ್ತು. ಎಡಗೈಯ ಹಾಗೆಯೇ ಮೆತ್ತಗಿತ್ತು. ನನ್ನ ಕೈಯೇ ಒರಟಾಗಿತ್ತು. ಅದನ್ನು ನೋಡಿ ನಾನು ಅತ್ತಷ್ಟು ನನ್ನ ಅಪ್ಪ ಹೋದಾಗಲೂ ಅತ್ತಿರಲಿಲ್ಲ.

ಆದರೆ ನಾನು ಅವರನ್ನು ನೆನೆಸಿಕೊಳ್ಳುವುದು ಅದಕ್ಕೂ ಒಂದು ವರ್ಷ ಹಿಂದಿನ ಒಂದು ಮಧ್ಯಾಹ್ನದಿಂದ. ಹಲಕುಂದಿ ಮಠದಲ್ಲಿ ದಾಸೋಹ. ಅಡುಗೆ ನಮ್ಮದು. ಎರಡನೇ ಪಂಕ್ತಿಗೆ ಎಲೆ ಹಾಕಿದಾಗ ನೋಡುತ್ತೇನೆ, ಅಯ್ಯನವರು ನಡುವೆ ಬಂದು ಕೂತಿದ್ದಾರೆ! ಅಡುಗೆಯವರು ಉಣ್ಣುವುದು ಎಲ್ಲರೂ ಎದ್ದ ಮೇಲೆ, ಒಲೆಯ ಮುಂದೆ. ಜನ್ಮದಲ್ಲಿ ಅವರು ಪಂಕ್ತಿಗೆ ಕೂತವರಲ್ಲ. "ಇದೇನ್ರಿ ಅಯ್ಯನೋರೆ, ಹೇಳದ ಕೇಳದ?" ಅಂದೆ. "ಹೇಳಿದ್ರ ನೀವು ನನ್ನ ಸಲುವಾಗಿ ಅಡಿಗಿ ಮಾಡ್ತಿದ್ರಿ. ನನಗ ಮಂದಿ ಸಲುವಾಗಿ ಮಾಡಿದ್ದು ಬೇಕಿತ್ತು. ಬಡಿಸು" ಅಂದರು.

ಎಲೆಯ ತುದಿಗೆ ಮೊದಲು ಉಪ್ಪು ಬಡಿಸಿದೆ. ಪದ್ಧತಿಯಲ್ಲವೇ. ಬೊಟ್ಟಿನಷ್ಟು ಹರಳುಪ್ಪು. ಆಮೇಲೆ ರೊಟ್ಟಿ, ತಿಮ್ಮಪ್ಪನ ಬದನೆಕಾಯಿ, ಬಸಣ್ಣನ ಸಾರು. ಒಳಗೆ ಕದದ ಮರೆಯಲ್ಲಿ ಬಸಣ್ಣ, ತಿಮ್ಮಪ್ಪ ಒಬ್ಬರ ಮೇಲೊಬ್ಬರು ಬಿದ್ದು ಇಣುಕುತ್ತಿದ್ದರು. ಅಯ್ಯನವರು ತಲೆ ಎತ್ತದೆ ಸಾವಕಾಶವಾಗಿ ಉಂಡರು. ಸಾರು ಇನ್ನೊಂದು ಸಲ ಹಾಕಿಸಿಕೊಂಡರು. ಪಂಕ್ತಿಯೊಂದಿಗೆ ಎದ್ದು, ಕೈ ತೊಳೆದು, ಯಾರಿಗೂ ಏನೂ ಹೇಳದೆ ಹೊರಗೆ ಬೇವಿನ ನೆರಳಿಗೆ ಹೋದರು.

"ಏನಂದ್ರಕ್ಕಾ? ಏನಂದ್ರು?" ಅಂತ ತಿಮ್ಮಪ್ಪ ಒಳಗಿನಿಂದ ಜೀವ ತಿನ್ನುತ್ತಿದ್ದ.

ನಾನು ಅವರ ಎಲೆ ಎತ್ತಲು ಬಗ್ಗಿದೆ. ಎಲ್ಲ ಬಳಿದು ಉಂಡಿದ್ದರು. ತುದಿಯಲ್ಲಿ ಉಪ್ಪು ಮಾತ್ರ ನಾನು ಬಡಿಸಿದ ಹಾಗೇ ಇತ್ತು.